ನಿಂಗಿ ಒಳಗೆ ಬರೆಯುತ್ತಿದ್ದಾಳೆ, ಭಾವ

ಲಾಲ್‌ಬಾಗಿನ ಭಾವನವರಿಗೆ, ಕತ್ರಿಗುಪ್ಪೆಯಿಂದ ನಿಮ್ಮ ಭಾವಮೈದ ಹನುಮಂತಪ್ಪ ಮಾಡುವ ನಮಸ್ಕಾರಗಳು.

ಈ ಬೆಂಗಳೂರಿನಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವನು ಇನ್ನೊಬ್ಬ ಹುಟ್ಟಿಲ್ಲ. ದಂಡಿನಲ್ಲಿದ್ದ ಬಿಳಿ ದೊರೆಯೊಬ್ಬ ನಮ್ಮ ಜನರ ನಡುವೆ ಇದ್ದು ಇದ್ದು ತನ್ನ ಭಾಷೆಯನ್ನೇ ಮರೆತುಹೋಗಿ, ಕುದುರೆ ಏರಿ ಕತ್ರಿಗುಪ್ಪೆಗೆ ಬಂದು, ನಮ್ಮ ತೋಟದ ಬದುವಿನ ಮೇಲೆ ಕೂತು, ಒಂದು ವಾರ ನನ್ನಿಂದ ಇಂಗ್ಲಿಷ್ ಹೇಳಿಸಿಕೊಂಡು ಆಮೇಲೆ ಹಡಗು ಹತ್ತಿದ. ಇದು ನಿಮಗೆ ಗೊತ್ತಿರುವ ಸಂಗತಿಯೇ. ಹೇಳಿದಾಗಲೆಲ್ಲ ನೀವು ಬೀಡಿಯನ್ನು ಪಕ್ಕಕ್ಕೆ ಹಿಡಿದು, "ಹೋದ್ಸಲ ನಾಲ್ಕು ದಿನ ಅಂದಿದ್ದೆ ಕಣೋ ಹನುಮ. ಈಗ ವಾರ ಆಯ್ತಾ? ದೊರೆ ಬರ್ತಾ ಬರ್ತಾ ದಡ್ಡ ಆಗ್ತಾವ್ನೆ" ಎನ್ನುತ್ತಿದ್ದಿರಿ. ಈಗ ಆ ಕತೆಯನ್ನು ಯಾರಿಗೆ ಹೇಳಿದರೂ ಹೌದಾ ಎಂದು ತಲೆಯಾಡಿಸಿ ಎದ್ದುಹೋಗುತ್ತಾರೆ. ನಂಬದೆ ಕೇಳುವವರಿಲ್ಲದೆ ಸುಳ್ಳಿಗೆ ಏನು ಸೊಗಸಿದೆ ಹೇಳಿ.

ಇವತ್ತು ಬೆಳಿಗ್ಗೆ ಬಸವನಗುಡಿಯ ಕಾಲೇಜಿನ ಗೇಟು ದಾಟಿ ನಿಮ್ಮ ಮಗಳು ಒಳಗೆ ಹೋದಳು. ಗಂಟೆ ಹೊಡೆಯಿತು. ನಾನು ಎದುರಿನ ಹೊಂಗೆ ಮರದ ಕೆಳಗೆ ಟವಲು ಹಾಸಿ ಕೂತು ಇದನ್ನು ಬರೆಯುತ್ತಿದ್ದೇನೆ. ಪೆನ್ಸಿಲು ನಿಂಗಿಯದು, ಕಾಗದ ಮಾರ್ಕೆಟ್ಟಿನಲ್ಲಿ ಹೂವು ಸುತ್ತುವ ಕಾಗದ. ಗೇಟಿನ ಜವಾನ ಆಗಲೇ ಬಂದು, "ಗೋಡೆ ಪಕ್ಕ ಕೂರಬೇಡಿ ಯಜಮಾನ್ರೇ, ಒಳಗೆ ಚೀಟಿ ಎಸೀತೀರಾ ಅಂತ ನಮ್ಮನ್ನ ಬೈತಾರೆ" ಎಂದ. "ಎಸೀಬೇಕಂದ್ರೆ ನಂಗೆ ಉತ್ತರ ಗೊತ್ತಿರ್ಬೇಕಲ್ಲಪ್ಪ" ಎಂದೆ. ಅವನು ನಕ್ಕು ಹೋದ. ನನಗೆ ನಗು ಬರಲಿಲ್ಲ. ಇಂಥ ದಿನ ಕೂಡ ಅವಳಿಗೆ ಕದ್ದು ಕೊಡುವುದಕ್ಕಾದರೂ ನನ್ನ ಹತ್ತಿರ ಒಂದು ಅಕ್ಷರ ಇಲ್ಲವಲ್ಲ, ಅನ್ನಿಸಿತು.

ನಿಂಗಿ ನಿಮ್ಮ ಹೆಗಲ ಮೇಲೆ ಕೂತು ಲಾಲ್‌ಬಾಗ್ ಸುತ್ತುತ್ತಿದ್ದುದು ನೆನಪಾಗುತ್ತಿದೆ. ಆಗ ನೀವು ಸಿದ್ದಾಪುರದಲ್ಲಿದ್ದಿರಿ, ಗೋಡೆ ಆಚೆಗೆ ತೋಟ, ಈಚೆಗೆ ಮನೆ. ಮರಗಳಿಗೆ ಹೊಡೆದ ತಗಡಿನ ಪಟ್ಟಿಗಳ ಮೇಲೆ ಇಂಗ್ಲಿಷಿನಲ್ಲಿ ಅದೇನೋ ಉದ್ದದ ಹೆಸರುಗಳು. ನಿಮಗೆ ಓದಲು ಬಾರದು, ಆದರೆ ಮೇಲಿನವರು ಹೇಳುವುದನ್ನು ಕೇಳಿ ಕೇಳಿ ಬಾಯಿಪಾಠ. ನೀವು ಹೆಸರು ಹೇಳುವುದು, ಅವಳು ತಗಡಿನ ಮೇಲೆ ಬೆರಳು ಆಡಿಸುವುದು. ಶಾಲೆಗೆ ಸೇರುವ ಮೊದಲೇ ಅವಳಿಗೆ ಎ, ಬಿ, ಸಿ ಬಂದದ್ದು ಹಾಗೆ. ನಾನು ಸುಮ್ಮನಿದ್ದೆನೇ? "ಏನ್ ಗಾರ್ಡನ್ ಭಾವ, ಸರ್ಕಾರದ ಹೂವಿಗೆ ನೀರು ಹಾಕಿದ್ದು ಮುಗೀತಾ? ನಮ್ಮದು ಸ್ವಂತ ತೋಟ. ನಿಮ್ಮದು ನೋಡೋದಷ್ಟೇ, ಕೀಳೋ ಹಾಗಿಲ್ಲ" ಎಂದು ಕೆಣಕುತ್ತಿದ್ದೆ. "ನಿನ್ನ ಹೂವು ಬೆಳಿಗ್ಗೆ ಮಾರ್ಕೆಟ್ಟು, ಸಂಜೆ ಕಸ. ನನ್ನ ಹೂವು ನೋಡಕ್ಕೆ ಊರೂರಿಂದ ಬರ್ತಾರೆ" ಎಂದು ನೀವು. ಗಾರ್ಡನ್ ಎಂಬುದು ನಮ್ಮಿಬ್ಬರ ನಡುವೆ ತಮಾಷೆಯ ಮಾತಾಗಿತ್ತು. ಅದು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಆಸ್ಪತ್ರೆಯಲ್ಲಿ ನಿಮ್ಮ ಹಾಸಿಗೆ ಕಿಟಕಿ ಪಕ್ಕದಲ್ಲಿತ್ತು. ಅಕ್ಕ ಗಂಜಿ ತರಲು ಹೋಗಿದ್ದಳು. ನೀವು ನನ್ನ ಮೊಣಕೈ ಹಿಡಿದುಕೊಂಡು, "ನಿಂಗೀನ ಕಾಲೇಜಿಗೆ ಹಾಕು. ಬುರುಡೆ ಬಿಡಬೇಡ ಹನುಮ, ಹಾಕು" ಎಂದಿರಿ. ಕಾಲೇಜು ಎಂದರೆ ಏನು ಎಂದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು, "ಕಾಲೇಜು ಏನು ಭಾವ, ಅದರಾಚೆ ಏನೈತೋ ಅದಕ್ಕೂ ಹಾಕ್ತೀನಿ" ಎಂದೆ. ಅದರಾಚೆ ಏನಿದೆ ಎಂದು ನೀವು ಕೇಳಿದ್ದರೆ...

ನೀವು ತೀರಿಕೊಂಡ ವರ್ಷವೇ ಅವಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಅಕ್ಕನನ್ನೂ ಅವಳನ್ನೂ ನಾನು ಕತ್ರಿಗುಪ್ಪೆಗೆ ಕರೆದುಕೊಂಡು ಬಂದಿದ್ದೆ. ಇಡೀ ಕತ್ರಿಗುಪ್ಪೆಯಲ್ಲಿ ಅದುವರೆಗೆ ಕಾಲೇಜು ಮೆಟ್ಟಿಲು ಹತ್ತಿದ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಮೊದಲ ದಿನ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ಹೂವಿನ ಕುಕ್ಕೆಗಳ ನಡುವೆ ಅವಳನ್ನು ಕೂರಿಸಿಕೊಂಡು ಗಾಡಿ ಹೊಡೆದೆ. ದೊಡ್ಡ ಬಸವಣ್ಣನ ಗುಡಿ ಹತ್ತಿರ ಬಂದಾಗ, "ಮಾವ, ಇಲ್ಲೇ ಇಳೀತೀನಿ" ಎಂದಳು. "ಗೇಟ್‌ವರೆಗೂ ಬಿಡ್ತೀನಿ ಕಣೇ" ಎಂದೆ. "ಬೇಡ ಮಾವ, ಎತ್ತು ಸುಸ್ತಾಗಿವೆ" ಎಂದಳು. ಎತ್ತು ಸುಸ್ತಾಗಿರಲಿಲ್ಲ. ಲಂಗದ ಮೇಲೆ ಬಿದ್ದಿದ್ದ ಹೂವಿನ ಎಸಳು ಕೊಡವಿಕೊಂಡು ಅವಳು ನಡೆದು ಹೋಗುವುದನ್ನು ನೋಡುತ್ತ ನಿಂತೆ. ಹಿಂದಿನಿಂದ ಒಬ್ಬ ಕಾರಿನವನು ಹಾರನ್ ಒತ್ತಿ ಒತ್ತಿ ಬೈದ.

ಸಂಜೆ ಅವಳು ಮನೆಗೆ ಬಂದಾಗ ಏನು ಕೇಳಬೇಕೆಂದೇ ನಮಗೆ ತಿಳಿಯುತ್ತಿರಲಿಲ್ಲ. "ಇವತ್ತು ಏನು ಹೇಳ್ಕೊಟ್ರೇ?" ಎಂದರೆ, "ಬಾಟನಿ" ಎನ್ನುತ್ತಿದ್ದಳು. ಅಕ್ಕ ಒಲೆ ಮುಂದಿನಿಂದ, "ಬಟಾಣಿ ಬಗ್ಗೆ ವರ್ಷವೆಲ್ಲ ಓದೋದು ಏನೈತೆ? ನೆನೆಹಾಕು, ಬೇಯಿಸು" ಎನ್ನುವಳು. ಮೂವರೂ ನಗುತ್ತಿದ್ದೆವು. ಆ ಬಾಟನಿ ಎಂದರೆ ನೀವು ಮರದ ಕೆಳಗೆ ನಿಂತು ಒಪ್ಪಿಸುತ್ತಿದ್ದ ಹೆಸರುಗಳೇ ಎಂದು ಅವಳು ಹೇಳಿದ ಮೇಲೆ ಅಕ್ಕ ಮಾತ್ರ ನಗುವುದನ್ನು ನಿಲ್ಲಿಸಿದಳು. ಕ್ಲಾಸಿನಲ್ಲಿ ಹಾಜರಿ ಕೂಗುವಾಗ "ಮಿಸ್ ನಿಂಗಮ್ಮ" ಎಂದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆನ್ನುತ್ತಾರೆ ಎಂದೂ ಒಂದು ದಿನ ಹೇಳಿದಳು. "ನಾಳೆ ನಾನು ಬಂದು ಅವರಿಗೆ ಬುದ್ಧಿ ಹೇಳ್ತೀನಿ" ಎಂದೆ. ಆಮೇಲೆ ಅವಳು ಕಾಲೇಜಿನ ವಿಷಯ ಮನೆಯಲ್ಲಿ ಹೇಳುವುದನ್ನೇ ಕಡಿಮೆ ಮಾಡಿದಳು.

ಅಕ್ಕ ಪುಸ್ತಕಗಳನ್ನು ಇಟ್ಟ ಗೂಡು ನೋಡಬೇಕಿತ್ತು ನೀವು. ದೀಪದ ಗೂಡಿನ ಪಕ್ಕದ್ದನ್ನು ಸಗಣಿಯಲ್ಲಿ ಸಾರಿಸಿ, ರಂಗೋಲಿ ಎಳೆದು, ಪ್ರತಿ ಪುಸ್ತಕದ ಬೆನ್ನಿಗೂ ಅರಿಸಿನ ಕುಂಕುಮ ಇಟ್ಟು ಜೋಡಿಸಿದ್ದಳು. ತಿಂಗಳಿಗೆ ಮೂರು ದಿನ ನಿಂಗಿ ಹೊರಗೆ ಕೂರುವಾಗ ಆ ಗೂಡಿನ ಕಡೆಗೆ ಸುಳಿಯುವಂತಿಲ್ಲ. ಹುಲ್ಲುಮೆದೆಯ ಪಕ್ಕದ ಜಗಲಿಯ ಮೇಲೆ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಪುಸ್ತಕ ಎಂದರೆ ಸರಸ್ವತಿ, ಮೈಲಿಗೆಯಲ್ಲಿ ಮುಟ್ಟಿದರೆ ವಿದ್ಯೆ ಹತ್ತುವುದಿಲ್ಲ ಎಂದು ಅಕ್ಕನ ನಂಬಿಕೆ. ಪುಸ್ತಕವಿಲ್ಲದೆ ಕಾಲೇಜಿಗೆ ಹೋಗಿ ಏನು ಮಾಡುವುದು ಎಂದು ಆ ಮೂರು ದಿನ ನಿಂಗಿ ಹೋಗುತ್ತಲೇ ಇರಲಿಲ್ಲ. ಅದು ತಪ್ಪು ಎಂದು ನನಗೆ ಅನ್ನಿಸಲಿಲ್ಲ ಭಾವ. ನಿಮಗೆ ಅನ್ನಿಸುತ್ತಿತ್ತೇ? ಕಾಲಿಗೆ ಪುಸ್ತಕ ತಗುಲಿದರೆ ಕಣ್ಣಿಗೆ ಒತ್ತಿಕೋ ಎಂದು ಅವಳಿಗೆ ಕಲಿಸಿದವರು ನೀವೇ ಅಲ್ಲವೇ? ಅದರ ಜೊತೆಗೆ ನಿಮ್ಮ ವರ್ಷದ ತಿಥಿಗೆ ಒಂದಷ್ಟು ದಿನ, ಕನಕಾಂಬರ ಬಿಡಿಸುವ ಕಾಲದಲ್ಲಿ ಒಂದಷ್ಟು ದಿನ ಉಳಿದಳು. ನಾನು ಕೂಲಿಮಠದಲ್ಲಿ ನಾಲ್ಕು ವರ್ಷ ಓದಿದವನು. ಮನಸ್ಸು ಬಂದರೆ ಹೋದೆ, ಮೇಷ್ಟ್ರ ಬೆತ್ತ ಕಂಡರೆ ಓಡಿದೆ. ಕಾಲೇಜಿನಲ್ಲಿ ಬಂದ ದಿನ ಬಾರದ ದಿನ ಎಂದು ಲೆಕ್ಕ ಇಡುತ್ತಾರೆ, ಲೆಕ್ಕ ತಪ್ಪಿದರೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ...

ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ ನಿಂಗಿ ಬಂದು, "ಮಾವ, ಪ್ರಿನ್ಸಿಪಾಲರು ಕರೀತಾರೆ. ಮನೆಯೋರು ಬರ್ಬೇಕಂತೆ. ಜಾಸ್ತಿ ಮಾತಾಡ್ಬೇಡಿ ಮಾವ" ಎಂದಳು. ನಾನು ಜರಿ ಪೇಟ ಸುತ್ತಿ, ಮದುವೆಯ ಕೋಟು ತೊಟ್ಟು ಹೋದೆ. ಅವಳನ್ನು ಹೊರಗೆ ನಿಲ್ಲಿಸಿ ನನ್ನೊಬ್ಬನನ್ನೇ ಒಳಗೆ ಕರೆದರು. ಪ್ರಿನ್ಸಿಪಾಲರು ಕೆಟ್ಟವರಲ್ಲ. ತೆಳ್ಳಗಿನ ಮನುಷ್ಯ, ಕೂತ್ಕೊಳ್ಳಿ ಎಂದರು. ನಾನು ಕೂತೆ. ಕನ್ನಡಕದ ಮೇಲಿಂದ ನೋಡಿ, "ಆರ್ ಯೂ ದ ಗಾರ್ಡಿಯನ್?" ಎಂದರು.

ನನಗೆ ಇಂಗ್ಲಿಷ್ ಬರುತ್ತದೆಯಲ್ಲ. ಗಾರ್ಡನ್ನಿನವನಾ ನೀನು, ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. ಕೋಟು ನೋಡಿಯೂ ನನ್ನನ್ನು ಮಾಲಿ ಎನ್ನುತ್ತಾರಲ್ಲ ಎಂದು ಒಳಗೊಳಗೇ ಉರಿಯಿತು. "ನೋ ಸಾರ್" ಎಂದೆ.

"ಮತ್ತೆ ಗಾರ್ಡಿಯನ್ ಯಾರು?"

"ಅವರಪ್ಪ ಸಾರ್. ತೀರ್ಕೊಂಡ್ರು."

"ಅದು ಗೊತ್ತು. ಅವರಾದ ಮೇಲೆ ಯಾರು?"

"ಅವರ ಜಾಗಕ್ಕಾ ಸಾರ್? ಮಾಗಡಿ ಕಡೆಯೋರು ಯಾರೋ ಬಂದವ್ರೆ ಅಂತ ಕೇಳ್ದೆ. ನಾವು ವಿಚಾರಿಸ್ಲಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ನೀವು ಸೋದರಮಾವ ಅಲ್ವೇನ್ರೀ? ನೀವು ಯಾಕೆ ಗಾರ್ಡಿಯನ್ ಆಗ್ಲಿಲ್ಲ?"

"ನಮಗ್ಯಾಕೆ ಸಾರ್ ಆ ಕೆಲಸ? ನಮ್ಮ ವಂಶದಲ್ಲೇ ಯಾರೂ ಆಗಿಲ್ಲ, ನಾನೂ ಆಗಲ್ಲ. ಕೈ ಮುಗಿದು ಕರೆದ್ರೂ ಆಗಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅದು ಗೌರವ ಎಂದು ತಿಳಿದು ನಾನು ಮೀಸೆ ಸರಿಮಾಡಿಕೊಂಡೆ. ಆಮೇಲೆ, "ಆಯ್ತು. ಈ ಹುಡುಗಿ ಪ್ರತಿ ತಿಂಗಳೂ ಮೂರ್ಮೂರು ದಿನ ಬಂದಿಲ್ಲ. ಯಾಕೆ? ಏನಾದ್ರೂ ಕಾರಣ ಇದ್ರೆ ಹೇಳಿ, ನಾನು ಮೇಲಕ್ಕೆ ಬರೀತೀನಿ" ಎಂದರು.

ಭಾವ, ಆ ಮಾತನ್ನು ಗಂಡಸು ಗಂಡಸಿಗೆ ಹೇಗೆ ಹೇಳುವುದು? ಬೆಳೆದ ಮಗಳ ಆ ವಿಷಯವನ್ನು ಮೇಜಿನ ಮೇಲೆ ಹೇಗೆ ಇಡುವುದು? ನಿಮಗಾದರೂ ಬಾಯಿ ಬರುತ್ತಿತ್ತೇ? ನನ್ನ ನಾಲಿಗೆ ಒಣಗಿತು. ಒಣಗಿದ ನಾಲಿಗೆಯ ಮೇಲೆ ಏನು ಬರುತ್ತದೆ ನಿಮಗೆ ಗೊತ್ತು. "ದೊಡ್ಡ ಮನೆತನ ಸಾರ್ ನಮ್ಮದು. ತಿಂಗಳಿಗೊಂದು ಫಂಕ್ಷನ್ನು ಇದ್ದೇ ಇರ್ತದೆ. ಹೆಣ್ಣುಮಗಳು ಇಲ್ದೆ ನಡೆಯಲ್ಲ" ಎಂದೆ. ಅವರು, "ಸರಿ, ಹೋಗ್ಬನ್ನಿ" ಎಂದರು.

ಹೊರಗೆ ಕಂಬಕ್ಕೆ ಒರಗಿ ನಿಂಗಿ ನಿಂತಿದ್ದಳು. "ಏನಾಯ್ತು ಮಾವ?" ಎಂದಳು. "ಏನಾಗ್ತದೆ? ನಾನು ಹೋದ ಮೇಲೆ ಆಗದೇ ಇರೋದು ಏನೈತೆ? ಎದ್ದು ನಿಂತು ಬೀಳ್ಕೊಟ್ರು" ಎಂದೆ. ಅವಳ ಮುಖ ಅರಳಿತು. ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಗಾಂಧಿಬಜಾರಿನಲ್ಲಿ ಇಬ್ಬರೂ ದೋಸೆ ತಿಂದೆವು.

ಪರೀಕ್ಷೆಗೆ ಕೂರುವವರ ಹೆಸರು ಹಾಕಿದಾಗ ನಿಂಗಿಯ ಹೆಸರು ಇರಲಿಲ್ಲ. ಮಾರನೆಯ ದಿನ ಅವಳಿಗೆ ಬಾಟನಿ ಹೇಳುವ ಮೇಡಂ ನನ್ನನ್ನು ಬರಹೇಳಿದರು. ಬಿಳಿ ಸೀರೆ, ದಪ್ಪ ಕನ್ನಡಕ, ನಿಂಗಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ವರಾಂಡದಲ್ಲಿ ನಿಲ್ಲಿಸಿಕೊಂಡು, "ನೀವು ಗಾರ್ಡಿಯನ್ ಅಲ್ಲ ಅಂದ್ರಂತೆ" ಎಂದರು.

"ಹೌದಮ್ಮ. ಗಾರ್ಡನ್ ಕೆಲಸ ನಮ್ಮ ಭಾವಂದು. ನಮ್ಮದು ಸ್ವಂತ..."

ಅವರು ಬಾಯಿಗೆ ಸೆರಗು ಅಡ್ಡ ಹಿಡಿದರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ನಿಧಾನವಾಗಿ, "ಗಾರ್ಡಿಯನ್ ಅಂದ್ರೆ ತೋಟದವರಲ್ಲ ಯಜಮಾನ್ರೇ. ಪೋಷಕರು. ಅಪ್ಪ ಇಲ್ಲದ ಮೇಲೆ ಆ ಮಗೂನ ನೋಡ್ಕೊಳ್ಳೋರು" ಎಂದರು.

ನಿಮ್ಮ ಜಾಗಕ್ಕೆ ಮಾಗಡಿಯವರು ಬಂದಿದ್ದಾರೆ ಎಂದಿದ್ದೆನಲ್ಲ ಭಾವ. ನಾನಂತೂ ಆಗುವುದಿಲ್ಲ, ಕೈ ಮುಗಿದು ಕರೆದರೂ ಆಗುವುದಿಲ್ಲ ಎಂದಿದ್ದೆನಲ್ಲ. "ಹಂಗಾದ್ರೆ ನಾನೇ ಅಮ್ಮ. ನಾನೇ ಅದು. ಈಗ್ಲೇ ಹೋಗಿ ಹೇಳ್ತೀನಿ" ಎಂದೆ. ಮೇಡಂ ಜೊತೆಗೇ ಬಂದರು. ಪ್ರಿನ್ಸಿಪಾಲರು ಪೂರ್ತಿ ಕೇಳಿ ಹಣೆಗೆ ಕೈ ಹಚ್ಚಿ ಕೂತರು. "ಪಟ್ಟಿ ಮೈಸೂರಿಗೆ, ಯೂನಿವರ್ಸಿಟಿಗೆ ಹೋಗಿಬಿಟ್ಟಿದೆ. ಇನ್ನು ನನ್ನ ಕೈಲಿಲ್ಲ" ಎಂದರು. "ಗಾಡಿ ಹೊರಗೈತೆ ಸಾರ್, ನಾನು ಹಿಂದೇನೇ ಹೋಗಿ ತರ್ತೀನಿ" ಎಂದೆ. ಮೈಸೂರಿಗೆ ಎತ್ತಿನ ಗಾಡಿ ಕಟ್ಟಲು ಹೊರಟವನ ಮುಂದೆ ಏನು ಮಾತಾಡುತ್ತಾರೆ?

ಮೆಟ್ಟಿಲು ಇಳಿಯುವಾಗ ಮೇಡಂ, "ತಿಂಗಳಿಗೆ ಮೂರು ದಿನ ಅಂದ ಕೂಡ್ಲೇ ನನಗೆ ಗೊತ್ತಾಯ್ತು. ಅವರು ಕೇಳೋ ಹಾಗಿರಲಿಲ್ಲ, ನೀವು ಹೇಳೋ ಹಾಗಿರಲಿಲ್ಲ" ಎಂದರು. ಇನ್ನೊಂದು ಮೆಟ್ಟಿಲು ಇಳಿದು, "ನಮ್ಮನೇಲೂ ಕೂರಿಸ್ತಿದ್ರು. ಆದ್ರೆ ನಮ್ಮ ತಾತನೂ ಓದಿದೋರು, ಅಪ್ಪನೂ ಓದಿದೋರು. ನಾವು ಮೂಲೇಲಿ ಕೂತ್ರೆ ಪುಸ್ತಕಾನೂ ನಮ್ಮ ಜೊತೆ ಮೂಲೇಲಿ ಕೂರ್ತಿತ್ತು" ಎಂದರು. ಆಮೇಲೆ ತಡೆದು, "ನಿಮ್ಮನೇಲಿ ಇವಳಿಗಿಂತ ಮುಂಚೆ ಕಾಲೇಜು ಓದಿದೋರು ಯಾರಿದಾರೆ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ನಮ್ಮ ತಾತ, ಮುತ್ತಾತ, ದಂಡಿನ ದೊರೆ, ಯಾರೂ ಬರಲಿಲ್ಲ. "ಯಾರೂ ಇಲ್ಲಮ್ಮ" ಎಂದೆ. "ಇದನ್ನ ಮೊದಲ್ನೇ ದಿನಾನೇ ನಾವು ಕೇಳ್ಬೇಕಾಗಿತ್ತು" ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.

ಅವತ್ತು ನಿಂಗಿ ಗಾಡಿ ಹತ್ತಲಿಲ್ಲ. ಮುಂದೆ ಮುಂದೆ ನಡೆದಳು, ನಾನು ಎತ್ತುಗಳನ್ನು ಅವಳ ಹೆಜ್ಜೆಗೆ ಹಿಡಿದು ಹಿಂದೆ ಹಿಂದೆ ಬಂದೆ. ಜಯನಗರದ ಕಡೆ ಹೊಸದಾಗಿ ನೆಟ್ಟ ಸೈಟಿನ ಕಲ್ಲುಗಳನ್ನು ನೋಡಲು ಬಂದವರ ಜಟಕಾಗಳು ನಮ್ಮನ್ನು ದಾಟಿ ಹೋದವು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಬೇಸಿಗೆಯಿಡೀ ತೋಟದಲ್ಲಿ ನನ್ನ ಪಕ್ಕದ ಸಾಲಿನಲ್ಲೇ ಹೂವು ಬಿಡಿಸಿದಳು, ಮಾವ ಎಂದು ಒಂದು ಸಲವೂ ಕರೆಯಲಿಲ್ಲ. ಅಕ್ಕ, "ಹೋಗ್ಲಿ ಬಿಡು, ಒಂದು ಗಂಡು ನೋಡಣ" ಎಂದಾಗ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಏನಾದರೂ ಹೇಳುತ್ತೇನೆಯೇ ಎಂದು ಕಾಯುತ್ತಿದ್ದಳು. "ಇನ್ನೊಂದು ವರ್ಷ ಅಕ್ಕ" ಎಂದೆ. ಅದಕ್ಕಿಂತ ದೊಡ್ಡ ಮಾತು ಯಾವುದೂ ನನ್ನ ಬಾಯಿಗೆ ಬರಲಿಲ್ಲ.

ಜೂನ್‌ನಲ್ಲಿ ಮತ್ತೆ ಅದೇ ಕ್ಲಾಸಿಗೆ ಸೇರಿಸಿದೆವು. ಮೊದಲ ತಿಂಗಳು ಹೊರಗೆ ಕೂತಾಗ ನಾನೇ ಅಕ್ಕನ ಹತ್ತಿರ ಹೋಗಿ, "ಪುಸ್ತಕ ಮುಟ್ಟೋದು ಬೇಡ, ಒಪ್ತೀನಿ. ಬರಿಗೈಲಿ ಹೋಗಿ ಕೇಳಿಸ್ಕೊಂಡು ಬರ್ಲಿ. ಕಿವಿಗೆ ಮೈಲಿಗೆ ಯಾವ ಶಾಸ್ತ್ರದಲ್ಲೈತೆ?" ಎಂದೆ. ಅಕ್ಕ ಯೋಚನೆ ಮಾಡಿ ಮಾಡಿ, ನಮ್ಮೂರ ಪೂಜಾರಪ್ಪನನ್ನೂ ಕೇಳಿಸಿ, ಕೊನೆಗೆ ಹೂಂ ಎಂದಳು. ಪೂಜಾರಪ್ಪನಿಗೆ ಮೊದಲೇ ನಾನು ಒಂದು ಮೊರ ಸೇವಂತಿಗೆ ಮುಟ್ಟಿಸಿದ್ದೆ, ಅದು ಬೇರೆ ವಿಷಯ. ಹೀಗೆ ವರ್ಷವಿಡೀ ಆ ಮೂರು ದಿನಗಳಲ್ಲಿ ನಿಂಗಿ ಕೈ ಬೀಸಿಕೊಂಡು ಹೋಗಿ, ಕೊನೆಯ ಬೆಂಚಿನಲ್ಲಿ ಕೂತು, ಕೇಳಿದ್ದನ್ನು ಬಾಯಲ್ಲೇ ಹಿಡಿದುಕೊಂಡು ಬರುತ್ತಿದ್ದಳು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ನೋಡಿದವರು ನಿಮ್ಮ ಹೆಸರು ಹಿಡಿದು, ಚಿಕ್ಕಣ್ಣನ ಮಗಳಿಗೆ ಏನೋ ಆಗಿದೆ ಎಂದು ಆಡಿಕೊಂಡರು. ಹಾಜರಿ ಸರಿಹೋಯಿತು. ಈ ಸಲ ಹೆಸರೂ ಬಂತು.

ಆದರೆ ನೋಡಿ, ಪರೀಕ್ಷೆಗೆ ಇನ್ನು ಮೂರೇ ಹಗಲು ಉಳಿದಿದ್ದ ರಾತ್ರಿ, ಓದಿದ್ದನ್ನೆಲ್ಲ ಮತ್ತೊಮ್ಮೆ ನೋಡಿಕೊಳ್ಳಬೇಕಾದ ಹೊತ್ತಿಗೆ ಸರಿಯಾಗಿ, ಅವಳು ಮತ್ತೆ ಹುಲ್ಲುಮೆದೆಯ ಜಗಲಿಗೆ ಬಂದು ಕೂತಳು. ಕ್ಲಾಸುಗಳು ಮುಗಿದಿದ್ದವು, ಹೋಗಿ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಪುಸ್ತಕಗಳು ಗೂಡಿನಲ್ಲಿ ಕುಂಕುಮ ಇಟ್ಟುಕೊಂಡು ಕೂತಿದ್ದವು. ನಾನು ಅಕ್ಕನ ಮುಂದೆ ನಿಂತೆ. ಅವಳು ನನ್ನನ್ನು ಬಾಯಿ ಬಿಡಲೇ ಬಿಡಲಿಲ್ಲ. "ಪರೀಕ್ಷೆ ಎದುರಿಗಿಟ್ಕೊಂಡು ಸರಸ್ವತೀನ ಮೈಲಿಗೆ ಮಾಡಿಸ್ತೀಯಾ? ಹೋದ ವರ್ಷ ನೀನು ಮಾಡಿದ್ದು ಸಾಲದಾ?" ಎಂದಳು. ಅಷ್ಟು ಹೇಳಿ ಗೂಡಿನ ಮುಂದೆ ಹೋಗಿ ಕೈ ಮುಗಿದಳು ಭಾವ. ಹಟ ಅಲ್ಲ, ಹೆದರಿಕೆ. ಗಂಡನನ್ನು ಕಳೆದುಕೊಂಡವಳು, ಮಗಳ ಪಾಲಿಗೆ ಇರುವುದು ಆ ಒಬ್ಬ ದೇವರು, ಆ ದೇವರಿಗೂ ಸಿಟ್ಟು ಬಂದರೆ? ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ?

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು ಕೈಕಾಲು ತೊಳೆದು, ಗೂಡಿನಿಂದ ಬಾಟನಿ ಪುಸ್ತಕ ತೆಗೆದುಕೊಂಡೆ. ಅಕ್ಕ ಬಾಗಿಲಿಗೆ ಅಡ್ಡ ಬಂದಳು. "ಮುಟ್ಟೋನು ನಾನು ಅಕ್ಕ. ಅವಳು ದೂರದಿಂದ ನೋಡ್ತಾಳೆ ಅಷ್ಟೇ" ಎಂದೆ. "ನಿನ್ನ ನಾಲಿಗೆಗೂ ಒಂದು ಮೈಲಿಗೆ ಅಂತ ಇದ್ದಿದ್ರೆ ಚೆನ್ನಾಗಿತ್ತು" ಎಂದು ಗೊಣಗಿ ಪಕ್ಕಕ್ಕೆ ಸರಿದಳು. ಜಗಲಿಯಿಂದ ಒಂದು ಮಾರು ದೂರ ಒರಳುಕಲ್ಲಿನ ಮೇಲೆ ಕೂತು ಪುಸ್ತಕ ಬಿಡಿಸಿ ಎದೆಯ ಮುಂದೆ ಹಿಡಿದೆ.

ನಿಂಗಿ ಸುಮ್ಮನೆ ನೋಡುತ್ತಿದ್ದಳು. ಓದುತ್ತಿದ್ದಾಳೆ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, "ಮಾವ, ತಲೆಕೆಳಗು" ಎಂದಳು.

ವರ್ಷದ ಮೇಲೆ ಮಾವ ಎಂದದ್ದು. ತಿರುಗಿಸಿ ಹಿಡಿದೆ. "ಇನ್ನೂ ಸ್ವಲ್ಪ ಹತ್ರ." ಸರಿದೆ. "ಪುಟ." ತಿರುಗಿಸಿದೆ. "ಎರಡು ಹಾಳೆ ಒಟ್ಟಿಗೆ ತಿರುಗಿಸಿದ್ರಿ, ಒಂದು ಹಿಂದೆ ಬನ್ನಿ." ಬಂದೆ. ಬಿಸಿಲು ಜಗಲಿಗೆ ಬಂದರೆ ಅವಳು ಒಳಗೆ ಸರಿದಳು, ನಾನು ಅವಳಿಗೆ ಕಾಣುವಂತೆ ಪುಸ್ತಕ ಎತ್ತಿ ಹಿಡಿದೆ. ತೋಳು ಕಲ್ಲಾಯಿತು. ಪುಸ್ತಕದ ಆ ಮುಖ ಅವಳಿಗೆ, ಈ ಮುಖ, ರಟ್ಟು, ನನಗೆ. ಅವಳ ಹುಬ್ಬು ಗಂಟಾದರೆ ಕಷ್ಟದ ಪುಟ, ತುಟಿ ಅಲ್ಲಾಡಿದರೆ ಗೊತ್ತಿರುವ ಪುಟ, ಅಷ್ಟೇ ನನಗೆ ತಿಳಿದದ್ದು. ಗಂಟಾದಾಗ ಏನಾದರೂ ಹೇಳಿಕೊಡಬೇಕು ಅನ್ನಿಸುತ್ತಿತ್ತು. ಏನು ಹೇಳಿಕೊಡಲಿ? ಮಧ್ಯಾಹ್ನ ಅಕ್ಕ ನನ್ನ ಬಾಯಿಗೆ ಮುದ್ದೆ ತುತ್ತು ಇಟ್ಟಳು, ನನ್ನ ಕೈ ಖಾಲಿ ಇರಲಿಲ್ಲವಾದ್ದರಿಂದ. ಇಡುತ್ತ ಪುಸ್ತಕದ ಕಡೆಗೆ ಬಗ್ಗಿ ಒಂದು ಎಲೆಯ ಚಿತ್ರ ನೋಡಿ, "ಇದು ಹೊಂಗೆ ಅಲ್ವೇನೇ?" ಎಂದಳು. "ಹೂಂ ಅಮ್ಮ" ಎಂದಳು ನಿಂಗಿ. ಹೀಗೆ ಮೂರು ದಿನ.

ಇವತ್ತು ನಾಲ್ಕನೆಯ ದಿನ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಗೂಡಿಗೆ ಅಡ್ಡಬಿದ್ದು, ಒದ್ದೆ ಕೂದಲಲ್ಲೇ ಹೊರಟಳು. ಈ ಸಲ ಗೇಟಿನವರೆಗೂ ಗಾಡಿಯಲ್ಲೇ ಬಂದಳು. ಇಳಿದು, "ಮಾವ, ಮನೆಗೆ ಹೋಗಿ, ಕೂರ್ಬೇಡಿ. ನಾನೇ ಬರ್ತೀನಿ" ಎಂದಳು. ಆಗಲಿ ಎಂದು ತಲೆಯಾಡಿಸಿದೆ. ಗಾಡಿಯನ್ನು ತಿರುವಿನಲ್ಲಿ ಬಿಟ್ಟು ಬಂದು ಕೂತೆ.

ಸ್ವಲ್ಪ ಹೊತ್ತಿನ ಹಿಂದೆ ಸೂಟು ಹಾಕಿಕೊಂಡ ಒಬ್ಬರು ನೆರಳಿಗೆ ಬಂದು ಪಕ್ಕದಲ್ಲಿ ನಿಂತರು. ಅವರ ಮಗನೂ ಒಳಗೆ ಬರೆಯುತ್ತಿದ್ದಾನಂತೆ. ಯಾವ ಪ್ರಶ್ನೆ ಬರಬಹುದು, ಮುಂದೆ ಯಾವ ಕಾಲೇಜು, ಯಾವ ಊರು ಎಂದು ಎಲ್ಲ ಹೇಳಿದರು. ಮಗನಿಗೆ ರಾತ್ರಿ ತಾವೇ ಪಾಠ ಒಪ್ಪಿಸಿಕೊಂಡರಂತೆ. ಕೊನೆಗೆ, "ಒಳಗೆ ನಿಮ್ಮ ವಾರ್ಡ್ ಯಾರು?" ಎಂದರು.

ವಾರ್ಡ್ ಎಂದರೆ ಆಸ್ಪತ್ರೆಯಲ್ಲಿ ನಿಮ್ಮನ್ನು ಮಲಗಿಸಿದ್ದರಲ್ಲ, ಅದೇ ನನಗೆ ಗೊತ್ತಿರುವುದು. ಇಲ್ಲಿ ಆ ಮಾತು ಯಾಕೆ ಬಂತು? ಹೌದು ಎನ್ನಬೇಕೋ, ಅಲ್ಲ ಎನ್ನಬೇಕೋ? ಏನು ಅಂದರೆ ಒಳಗೆ ಕೂತವಳಿಗೆ ಏನಾಗುತ್ತದೋ... ನಾನು ಬಾಯಿ ಬಿಡಲಿಲ್ಲ ಭಾವ. ನಾನು, ಹನುಮಂತಪ್ಪ. ಸುಮ್ಮನೆ ಗೇಟಿನ ಕಡೆ ಕೈ ತೋರಿಸಿದೆ. ಮೂಗನಿರಬೇಕು ಎಂದುಕೊಂಡರೋ ಏನೋ, ಆಚೆ ಹೋದರು.

ಅವಳು ಪಾಸಾಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಒಳಗೆ ಅವಳ ಹುಬ್ಬು ಗಂಟಾಗಿದೆಯೋ, ತುಟಿ ಅಲ್ಲಾಡುತ್ತಿದೆಯೋ, ಇಲ್ಲಿಂದ ಕಾಣುವುದಿಲ್ಲ. ಪಾಸಾದರೆ ಮುಂದೆ ಏನು ಎಂದೂ ಗೊತ್ತಿಲ್ಲ, ಮೇಡಮ್ಮನನ್ನೇ ಕೇಳಬೇಕು. ಗೊತ್ತಿಲ್ಲದ್ದನ್ನು ಇನ್ನು ಮೇಲೆ ಕೇಳುತ್ತೇನೆ, ಇಷ್ಟು ಮಾತು ನಿಮಗೆ ಕೊಡಬಲ್ಲೆ.

ಇನ್ನೊಂದು ಸುದ್ದಿ ಇದೆ. ಯುಗಾದಿ ಎದುರಿಗಿತ್ತು, ಈ ವರ್ಷ ಮಲ್ಲಿಗೆ ಹಿಂದೆಂದೂ ಬಿಡದ ಹಾಗೆ ಬಿಟ್ಟಿತ್ತು. ಮೊಗ್ಗನ್ನು ಬೆಳಗಿನ ಜಾವವೇ ಬಿಡಿಸಿ ಮಾರ್ಕೆಟ್ಟಿಗೆ ಮುಟ್ಟಿಸಬೇಕು, ಅರಳಿದ ಮೇಲೆ ಮೂರು ಕಾಸಿಗೂ ಕೇಳುವುದಿಲ್ಲ. ಪುಸ್ತಕ ಹಿಡಿದು ಕೂತವನು ಬಿಡಿಸುವುದು ಯಾವಾಗ? ಮೂರು ದಿನವೂ ಗಿಡದಲ್ಲೇ ಅರಳಿತು. ಕತ್ರಿಗುಪ್ಪೆಯೆಲ್ಲ ಘಮಘಮ. ಏನು ಹನುಮಂತಪ್ಪ, ಎಷ್ಟು ಹೋಯ್ತು ಎಂದು ಊರವರು ಕೇಳಿದಾಗ, ಹತ್ತು ರೂಪಾಯಿ ಹೋಗಿರಬಹುದು, ಬಿಡಿ ಎಂದೆ. ಅಕ್ಕನಿಗೆ ಇಪ್ಪತ್ತು ಎಂದೆ. ನಿಂಗಿ ಕೇಳಿದಾಗ, ಆಗಲೇ ಎಲ್ಲ ಮಾರಿಯಾಯಿತು, ಒಳ್ಳೆ ರೇಟು ಸಿಕ್ಕಿತು ಎಂದೆ.

ನೀವು ಯಾರಿಗೂ ಹೇಳುವುದಿಲ್ಲ ಎಂದು ನಿಮಗೆ ಮಾತ್ರ ಹೇಳುತ್ತೇನೆ. ಎಂಬತ್ತಾರು ರೂಪಾಯಿ, ಭಾವ.